ಹನಿಯೊಳಗಿನ ಕೋಣೆ

ಪದ್ಮರಾಜಯ್ಯನ ಮನೆಗೆ ಹೊಸಬರು ಯಾರೇ ಬರಲಿ, ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ನೋಡಿದ ಕೂಡಲೇ ದನಿ ತಗ್ಗಿಸಿ ಕೇಳುತ್ತಿದ್ದದ್ದು ಒಂದೇ ಮಾತು. "ಮಗಳಾ ಸಾರ್? ಅಯ್ಯೋ ಪಾಪ, ಏನಾಗಿತ್ತು?"

ಮಗಳಲ್ಲ, ಹೆಂಡತಿ. ಹೆಸರು ಜಯಪ್ರಭಾ. ಫೋಟೊದಲ್ಲಿ ಮದುವೆಯ ಸೀರೆಯುಟ್ಟು, ತಲೆ ತುಂಬ ಮಲ್ಲಿಗೆ ಮುಡಿದು, ಹತ್ತೊಂಬತ್ತರ ಹುಡುಗಿಯಾಗಿ ನಿಂತಿದ್ದಾಳೆ. ತೀರಿಕೊಂಡಾಗ ಅವಳಿಗೆ ಅರವತ್ತು ಹತ್ತಿರವಾಗಿತ್ತು. ನಡುವಿನ ಅಷ್ಟೂ ವರ್ಷಗಳಲ್ಲಿ ಅವಳ ಮುಖ ಅನ್ನಬಹುದಾದ ಒಂದೇ ಒಂದು ಫೋಟೊ ಆ ಮನೆಯಲ್ಲಿಲ್ಲ. ಅದೂ ಎಂಥ ಮನೆ? ಬದುಕಿಡೀ ಫೋಟೊ ತೆಗೆದೇ ಅನ್ನ ಉಂಡವನ ಮನೆ.

ಕಾರಣ ಗುಟ್ಟಿನದೇನೂ ಅಲ್ಲ. ಮದುವೆಯಾಗಿ ಮೂರ್ನಾಲ್ಕು ವರ್ಷಕ್ಕೆ ಜಯಪ್ರಭಾಳ ಹುಬ್ಬಿನ ಬಳಿ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ತೊನ್ನು. ಅದು ಮೆಲ್ಲಗೆ ಕೆನ್ನೆಗೆ ಇಳಿಯಿತು, ತುಟಿಯ ಅಂಚಿಗೆ ಬಂತು, ಬೆರಳುಗಳಿಗೆ ಹಬ್ಬಿತು. ಮೈಗೆ ಇದರಿಂದ ಏನೂ ತೊಂದರೆಯಿಲ್ಲ ಅಂತ ಡಾಕ್ಟರು ಹೇಳಿದರು. ತೊಂದರೆ ಇದ್ದದ್ದು ಜನರ ಕಣ್ಣಿಗೆ. ನೆಂಟರ ಮದುವೆಯೊಂದರಲ್ಲಿ ಅವಳು ಪಾಯಸ ಬಡಿಸಲು ಹೋದಾಗ ಸಾಲಿನಲ್ಲಿ ಕೂತವರೆಲ್ಲ "ಸಾಕು, ಸಾಕು" ಅಂತ ಎಲೆಗೆ ಕೈ ಅಡ್ಡ ಹಿಡಿದರು. ಅಂದಿನಿಂದ ಅವಳು ಮದುವೆಮನೆಗಳಿಗೆ ಹೋಗುವುದು ಬಿಟ್ಟಳು. ಆಮೇಲೆ ಫೋಟೊಗೆ ನಿಲ್ಲುವುದನ್ನೂ ಬಿಟ್ಟಳು. ಯಾರಾದರೂ ಫೋನ್ ಮೇಲೆತ್ತಿದರೆ ಸಾಕು, ಸೆರಗು ಮುಖಕ್ಕೆ ಬರುತ್ತಿತ್ತು. ಉಳಿದದ್ದು ಆಧಾರ್ ಕಾರ್ಡಿನ ಫೋಟೊ. ಅದರಲ್ಲಿ ಎಲ್ಲರ ಮುಖ ಹೇಗಿರುತ್ತದೋ ಅವಳದೂ ಹಾಗೇ ಇತ್ತು, ಅಂದರೆ ಯಾರ ಮುಖವೂ ಅಲ್ಲದ ಹಾಗೆ.

ಮೊದಲ ಕೆಲವು ತಿಂಗಳು ಪದ್ಮರಾಜಯ್ಯನಿಗೆ ಇದೊಂದು ಕೊರತೆ ಅನ್ನಿಸಲಿಲ್ಲ. ಕಣ್ಣು ಮುಚ್ಚಿದರೆ ಜಯಾ ಬರುತ್ತಿದ್ದಳು. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತ ನಿಂತವನಿಗೆ, ಮಚ್ಚೆ ಮೊದಲು ಬಂದದ್ದು ಯಾವ ಹುಬ್ಬಿಗೆ ಅನ್ನುವುದು ನೆನಪಾಗಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅವನು ಹಾಗೇ ನಿಂತಿದ್ದ. ಕೆನ್ನೆಯ ಮೇಲಿನ ಬಿಳಿ ತುಟಿಯನ್ನು ಮುಟ್ಟುತ್ತಿತ್ತೋ ಇಲ್ಲವೋ? ಗೊತ್ತಾಗಲಿಲ್ಲ. ನಗುವಾಗ ಆ ಬಿಳಿ ಹೇಗಾಗುತ್ತಿತ್ತು? ಅದೂ ಗೊತ್ತಾಗಲಿಲ್ಲ. ಮನೆಯಲ್ಲಿದ್ದವಳು ಹೋದದ್ದು ಒಂದು ಸಲ. ಈಗ ತಲೆಯೊಳಗಿಂದ ದಿನಾ ಅಷ್ಟಷ್ಟೇ ಹೋಗುತ್ತಿದ್ದಾಳೆ ಅನ್ನುವುದು ಅವನಿಗೆ ಆಗ ಗೊತ್ತಾಯಿತು.

ಪಕ್ಕದ ಬೀದಿಯಲ್ಲಿ ಜಯಪ್ರಭಾಳ ಅಕ್ಕ ಮರುದೇವಮ್ಮನ ಮನೆ. ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ; ಅವಳು ಎಂದಿನಂತೆ ಹೊತ್ತು ಮುಳುಗುವ ಮೊದಲೇ ಊಟದ ಕ್ಯಾರಿಯರ್ ಹಿಡಿದು ಬಂದಾಗ ಪದ್ಮರಾಜಯ್ಯ ತಟ್ಟೆ ಹಾಕುವುದಕ್ಕೂ ಮುಂಚೆ ಯಾವ ಹುಬ್ಬು ಅಂತ ಕೇಳಿದ.

"ಎಡಗಡೆ ಹುಬ್ಬು ಕಣ್ರೀ," ಅಂದಳು ಮರುದೇವಮ್ಮ. "ಕನ್ನಡಿ ಮುಂದೆ ಕೂರಿಸ್ಕೊಂಡು ಎಷ್ಟು ಸಲ ಜಡೆ ಹಾಕಿಲ್ಲ ನಾನು? ಕನ್ನಡೀಲಿ ಎಡಗಡೆ ಕಾಣೋದು."

"ನನಗೆ ಬಲಗಡೆ ಅನ್ಸುತ್ತಲ್ಲ ಅತ್ತಿಗೆ."

"ನಿಮಗೆ ಮರೆವು."

ಮರೆವಲ್ಲ. ಹಿಂದೆ ನಿಂತು ಕನ್ನಡಿಯಲ್ಲಿ ನೋಡಿದವಳಿಗೆ ಎಡಕ್ಕೆ ಕಂಡದ್ದು ಎದುರಿಗೆ ಕೂತವನಿಗೆ ಬಲಕ್ಕೆ ಕಾಣುತ್ತದೆ. ಇಬ್ಬರೂ ಹೇಳಿದ್ದು ಒಂದೇ ಹುಬ್ಬು. ಬದುಕಿನುದ್ದಕ್ಕೂ ಪ್ರತಿಬಿಂಬಗಳ ಜೊತೆಗೇ ಏಗಿದವನಿಗೆ ಇದು ಹೊಳೆಯಲು ಅರ್ಧ ಊಟ ಮುಗಿಯಬೇಕಾಯಿತು. ಆದರೆ ಹುಬ್ಬು ಯಾವುದು ಅಂತ ತಿಳಿದರೂ ಮುಖ ಬರಲಿಲ್ಲ.

ಆಗ ಅವನಿಗೆ ನೆನಪಾದದ್ದು ಮರುಬಿಂಬ ಯಂತ್ರ.

ಚಾಮುಂಡಿ ಬೆಟ್ಟದ ಹಿಂಬದಿಯ ಒಂದು ಪ್ರಯೋಗಾಲಯ ಅದನ್ನು ಕಟ್ಟಿ ಆಗಲೇ ಎರಡು ವರ್ಷವಾಗಿತ್ತು. ಕಂಪ್ಯೂಟರುಗಳು ಮನಸ್ಸಿಗೆ ಬಂದ ಹಾಗೆ ಫೋಟೊ ಸೃಷ್ಟಿಸಲು ಶುರುಮಾಡಿ, ಕೋರ್ಟಿನವರೂ ಪತ್ರಿಕೆಯವರೂ ಯಾವ ಫೋಟೊವನ್ನೂ ನಂಬದ ಹಾಗಾದ ಕಾಲ. ಯಂತ್ರದ ತತ್ವ ಮಾತ್ರ ಸರಳ. ಹೊಳೆಯುವ ವಸ್ತುವೆಲ್ಲ ಒಂದೊಂದು ಸೊಟ್ಟ ಕನ್ನಡಿ. ಚಮಚದ ಬೆನ್ನು, ಕನ್ನಡಕದ ಗಾಜು, ಬದನೆಕಾಯಿಯ ಮೈ, ಎಲ್ಲದರಲ್ಲೂ ಎದುರಿಗಿದ್ದ ಲೋಕ ಸೊಟ್ಟಗೆ ಬಿದ್ದಿರುತ್ತದೆ. ಆ ಸೊಟ್ಟು ಎಂಥದ್ದೆಂದು ಲೆಕ್ಕ ಹಾಕಿ ನೇರ ಮಾಡಿದರೆ ಕ್ಯಾಮೆರಾದ ಹಿಂದೆ ಏನಿತ್ತು, ಯಾರಿದ್ದರು ಅನ್ನುವುದು ಹೊರಬರುತ್ತದೆ. ನಿಜವಾದ ಫೋಟೊ ಆದರೆ ಒಂದು ಕೋಣೆ ಸಿಗುತ್ತದೆ. ಸುಳ್ಳು ಫೋಟೊ ಆದರೆ ಕಲಸುಮೇಲೋಗರ ಸಿಗುತ್ತದೆ.

ಕೋರ್ಟಿಗೆ ಅಂತ ಮಾಡಿದ್ದು ಮನೆಮನೆಗೆ ನುಗ್ಗಿತು. ನಂಜನಗೂಡಿನ ಕಡೆ ಒಂದು ನಿಶ್ಚಿತಾರ್ಥ ಮುರಿದುಬಿತ್ತು; "ಊರಲ್ಲೇ ಇರಲಿಲ್ಲ" ಅಂದಿದ್ದ ಹುಡುಗ ಅದೇ ದಿನದ ಹುಟ್ಟುಹಬ್ಬದ ಫೋಟೊದಲ್ಲಿ, ಬಲೂನಿನ ಮೇಲೆ, ಸಿಕ್ಕಿಬಿದ್ದಿದ್ದ. ಜನ ಫೋಟೊ ತೆಗೆಯುವ ಮುಂಚೆ ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸತೊಡಗಿದರು. ಪಾತ್ರೆ ಅಂಗಡಿಗಳಲ್ಲಿ ಹೊಳಪಿಲ್ಲದ ಮಂಕು ಸ್ಟೀಲು ಬಂತು, ಅದಕ್ಕೇ ಹೆಚ್ಚು ಗಿರಾಕಿ. ಮನೆಯ ಪಾತ್ರೆಗಳನ್ನು ಫಳಫಳ ಬೆಳಗಿಟ್ಟು ಬೀಗುತ್ತಿದ್ದ ಹೆಂಗಸರಿಗೆ ಇದು ಯಾವ ಕರ್ಮ ಅನ್ನಿಸಿತು. ಆದರೆ ಇನ್ನೊಂದು ಬಗೆಯ ಜನವೂ ಆ ಪ್ರಯೋಗಾಲಯದ ಬಾಗಿಲಿಗೆ ಬರುತ್ತಿದ್ದರು. ತಾತನ ಹಳೇ ಫೋಟೊ ತಂದು, ತಾತನ ಕನ್ನಡಕದಲ್ಲಿ ಅಜ್ಜಿಯನ್ನು ಹುಡುಕಿ ಕೊಡಿ ಅನ್ನುವವರು.

ಪದ್ಮರಾಜಯ್ಯ ಆ ಎರಡನೇ ಬಗೆಯವನಾಗಿ ಹೋದ. ಕೈಯಲ್ಲಿ ಒಂದು ಫೋಟೊ ಅಲ್ಲ, ತನ್ನ ದುಡಿಮೆಯೆಲ್ಲವನ್ನೂ ತುಂಬಿದ ಹಾರ್ಡ್ ಡಿಸ್ಕ್ ಇತ್ತು.

ಅವನದು ಮದುವೆ ಮುಂಜಿಗಳ ಫೋಟೊಗ್ರಫಿ ಅಲ್ಲ, ಸ್ಟಾಕ್ ಫೋಟೊಗ್ರಫಿ. ಇಂಥವರಿಗೆ ಅಂತ ತೆಗೆದದ್ದಲ್ಲ. ಒಂದು ಸ್ಟೀಲ್ ಲೋಟ, ತಟ್ಟೆಯ ಮೇಲೆ ನಾಲ್ಕು ಹಸಿಮೆಣಸಿನಕಾಯಿ, ಪೇಪರಿನ ಮೇಲಿಟ್ಟ ಕನ್ನಡಕ. ತೆಗೆದು ಏಜೆನ್ಸಿಗೆ ಕಳಿಸಿದರೆ ಅವರು ಭಂಡಾರಕ್ಕೆ ಸೇರಿಸಿಕೊಳ್ಳುತ್ತಾರೆ. ಆಮೇಲೆ ಅದು ಯಾವ ದೇಶದ ಜಾಹೀರಾತಿಗೆ, ಯಾವ ಮಾಸಪತ್ರಿಕೆಯ ಅಡುಗೆ ಪುಟಕ್ಕೆ ಹೋಗಿ ಕೂರುತ್ತದೋ ತೆಗೆದವನಿಗೂ ತಿಳಿಯುವುದಿಲ್ಲ. ಪದ್ಮರಾಜಯ್ಯ ಹೆಸರು ಮಾಡಿದ್ದು ಹೊಳೆಯುವ ಸಾಮಾನುಗಳಲ್ಲಿ. ಆ ಕೆಲಸಕ್ಕೆ ಉಳಿದವರು ಕೈ ಹಾಕುತ್ತಿರಲಿಲ್ಲ. ಲೋಟದ ಫೋಟೊ ತೆಗೆಯಲು ಹೋದರೆ ಲೋಟದ ಹೊಟ್ಟೆಯಲ್ಲಿ ಇಡೀ ಕೋಣೆ ಬಂದು ಕೂರುತ್ತದೆ: ಕ್ಯಾಮೆರಾ, ದೀಪ, ತೆಗೆಯುವವನು, ಪಕ್ಕದಲ್ಲಿ ನಿಂತವರು. ಏಜೆನ್ಸಿಯವರ ಕಣ್ಣಿಗೆ ಅದರಲ್ಲಿ ಒಂದು ಮೂಗಿನ ತುದಿ ಕಂಡರೂ ಫೋಟೊ ವಾಪಸ್.

ಅದಕ್ಕೆ ಅವನು ಒಂದು ಉಪಾಯ ಕಂಡುಕೊಂಡಿದ್ದ. ಬಿಂಬದಲ್ಲಿ ಬಿದ್ದ ಮನುಷ್ಯರನ್ನು ಕಂಪ್ಯೂಟರಿನಲ್ಲಿ ಒರೆಸಿ, ಆ ಜಾಗದಲ್ಲಿ ನಾಲ್ಕು ಚೌಕದ ಒಂದು ಕಿಟಕಿಯ ಬೆಳಕನ್ನು ಅಂಟಿಸುವುದು. ಲೋಟದ ಉಬ್ಬಿಗೆ ತಕ್ಕ ಹಾಗೆ ಕಿಟಕಿಯನ್ನು ಬಗ್ಗಿಸಿ ಕೂರಿಸಿದರೆ ನೋಡಿದವರಿಗೆ ಎಲ್ಲೋ ಒಂದು ಗಾಳಿಬೆಳಕಿನ ದೊಡ್ಡ ಮನೆ ಅನ್ನಿಸಬೇಕು. ಆ ಕಿಟಕಿ ಅವನ ಬಾಡಿಗೆ ಮನೆಯಲ್ಲಿ ಎಲ್ಲೂ ಇರಲಿಲ್ಲ. ಸ್ಟಾಕ್ ಫೋಟೊ ತೆಗೆಯುವ ಎಷ್ಟೋ ಮಂದಿ ಅವನಿಂದಲೇ ಆ ಕೆಲಸ ಕಲಿತರು.

ಜಯಪ್ರಭಾ ಎಲ್ಲಿರುತ್ತಿದ್ದಳು ಅಂದರೆ, ಅವನ ಬಲಗಡೆ, ಒಂದು ಮಾರು ದೂರದಲ್ಲಿ, ಥರ್ಮೋಕೋಲ್ ಬೋರ್ಡ್ ಹಿಡಿದುಕೊಂಡು. ಒಂದು ಕಡೆಯಿಂದ ದೀಪ ಹಾಕಿದರೆ ಇನ್ನೊಂದು ಕಡೆ ಕತ್ತಲಾಗುತ್ತದಲ್ಲ, ಆ ಕತ್ತಲೆಗೆ ಬೆಳಕು ತಿರುಗಿಸಲು ಬಿಳಿ ಬೋರ್ಡು ಬೇಕು. ಸ್ಟ್ಯಾಂಡಿಗೆ ಸಿಕ್ಕಿಸಬಹುದಿತ್ತು. ಆದರೆ ಅವಳ ಕೈ ಸ್ಟ್ಯಾಂಡಿಗಿಂತ ಚೆನ್ನಾಗಿ ಮಾತು ಕೇಳುತ್ತಿತ್ತು. "ಮೇಲೆ... ಇನ್ನೂ ಸ್ವಲ್ಪ ಮೇಲೆ... ಹಾಂ, ಹಾಗೇ ಇರು." ಇಪ್ಪತ್ತು ವರ್ಷ ಆ ಕೋಣೆಯಲ್ಲಿ ಗಂಡ ಹೆಂಡಿರ ನಡುವೆ ನಡೆದ ಮಾತಿನಲ್ಲಿ ಮುಕ್ಕಾಲು ಪಾಲು ಇದೇ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಶರ್ವಾಣಿ, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಎಲ್ಲವನ್ನೂ ಕೇಳಿಸಿಕೊಂಡಳು. ಮಂಕು ಬಣ್ಣದ ಮಣ್ಣಿನ ಕಪ್ಪಿನಲ್ಲಿ ಟೀ ಕೊಟ್ಟಳು. ಆ ಕಟ್ಟಡದಲ್ಲಿ ಒಂದೇ ಒಂದು ಹೊಳೆಯುವ ಪಾತ್ರೆ ಇರಲಿಲ್ಲ. ಯಂತ್ರ ಕಟ್ಟಿದವರೇ ಅದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದರು.

"ಒಂದೇ ಕೋಣೆ, ಒಂದೇ ಮೇಜು, ಸಾವಿರಾರು ಫೋಟೊ," ಅಂದಳು ಶರ್ವಾಣಿ. "ಇಂಥದ್ದು ನಮಗೆ ಇಲ್ಲಿವರೆಗೂ ಸಿಕ್ಕಿರ್ಲಿಲ್ಲ ಸರ್. ಒಂದು ಲೋಟದಲ್ಲಿ ಮಸುಕಾಗಿದ್ದು ಇನ್ನೊಂದರಲ್ಲಿ ಸ್ಪಷ್ಟವಾಗಿರುತ್ತೆ. ಎಲ್ಲಾ ಸೇರ್ಸಿದ್ರೆ ನಿಮ್ಮ ಕೋಣೇನ ಪೂರ್ತಿ ಎದ್ದು ನಿಲ್ಲಿಸಬಹುದು."

"ಕೋಣೆ ಬೇಡಮ್ಮಾ. ಅದರಲ್ಲಿ ನಿಂತಿದ್ದೋಳು ಬೇಕು."

"ಒರೆಸೋ ಮುಂಚಿನ ಒರಿಜಿನಲ್ಲುಗಳು ಇದ್ಯಾ?"

ಇರಲಿಲ್ಲ. ಜಾಗ ಸಾಲದಾದಾಗಲೆಲ್ಲ ಒರಿಜಿನಲ್ಲನ್ನು ಅಳಿಸಿ, ಚೊಕ್ಕ ಮಾಡಿದ್ದನ್ನು ಮಾತ್ರ ಇಟ್ಟುಕೊಳ್ಳುವುದು ಅವನ ಪದ್ಧತಿ. ಅದನ್ನೂ ಹೇಳಿದ. ಶರ್ವಾಣಿ ಡಿಸ್ಕನ್ನು ಯಂತ್ರಕ್ಕೆ ಸೇರಿಸಿದಳು.

ವಾರ ಕಳೆದು ಕರೆ ಬಂತು. ಕತ್ತಲೆ ಕೋಣೆಯ ಗೋಡೆಯಗಲದ ಪರದೆಯ ಮೇಲೆ ಅವನ ಮನೆಯ ಮುಂಗೋಣೆ ಎದ್ದು ನಿಂತಿತು. ಗೋಡೆಯ ಕ್ಯಾಲೆಂಡರ್ ಇತ್ತು. ಮೂರು ರೆಕ್ಕೆಯ ಹಳೇ ಫ್ಯಾನ್ ಇತ್ತು. ಕಿತ್ತುಹೋದ ಸ್ವಿಚ್ ಬೋರ್ಡಿಗೆ ಸುತ್ತಿದ್ದ ಕೆಂಪು ಟೇಪು ಇತ್ತು. ಕ್ಯಾಮೆರಾ ಹಿಂದೆ ಅವನು ನಿಲ್ಲುತ್ತಿದ್ದ ಜಾಗ ಮಾತ್ರ ಖಾಲಿ, ತನ್ನನ್ನು ಅವನೇ ಒರೆಸಿಕೊಂಡಿದ್ದ. ಆ ಜಾಗದ ಬಲಗಡೆಗೆ ನಾಲ್ಕು ಚೌಕದ ಒಂದು ಕಿಟಕಿ ಬೆಳಗುತ್ತಿತ್ತು.

"ಸರ್, ನಿಮ್ಮ ಮನೇಲಿ ಈ ಕಡೆ ಕಿಟಕಿ ಇತ್ತಾ?"

"ಇಲ್ಲ," ಅಂದ ಪದ್ಮರಾಜಯ್ಯ. "ಅಲ್ಲಿ ನನ್ನ ಹೆಂಡ್ತಿ ನಿಂತಿರ್ತಿದ್ಲು."

ಶರ್ವಾಣಿ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು ಮೆತ್ತಗೆ ಕೇಳಿದಳು. "ನೀವು ಒರೆಸದೇ ಇರೋ ಹೊಳಪು ಯಾವ್ದಾದ್ರೂ ಇದ್ಯಾ ಸರ್? ಎಷ್ಟೇ ಚಿಕ್ಕದಿರಲಿ. ಏಜೆನ್ಸಿಯವರ ಕಣ್ಣಿಗೂ ಬೀಳದಷ್ಟು ಚಿಕ್ಕದು."

ಪದ್ಮರಾಜಯ್ಯ ಯೋಚಿಸಿದ. ಏಕಾಏಕಿ ಎದ್ದು ನಿಂತ. "ಹನಿ!"

ಪಾತ್ರೆಗಳ ಜೊತೆಗೆ ಅವನು ತರಕಾರಿ, ಸೊಪ್ಪು, ಹಣ್ಣುಗಳ ಫೋಟೊಗಳನ್ನೂ ತೆಗೆಯುತ್ತಿದ್ದ. ಈಗಷ್ಟೇ ಕಿತ್ತು ತಂದ ಹಾಗೆ ಕಾಣಲಿ ಅಂತ ಅವುಗಳ ಮೇಲೆ ನೀರು ಚಿಮುಕಿಸಬೇಕು. ಬರೀ ನೀರು ದೀಪದ ಕಾವಿಗೆ ಒಣಗಿಬಿಡುತ್ತದೆ, ಅದಕ್ಕೆ ಗ್ಲಿಸರಿನ್ ಬೆರೆಸಬೇಕು. ಇಸ್ತ್ರಿಯವರ ಸ್ಪ್ರೇ ಬಾಟಲಿಯಲ್ಲಿ ಅದನ್ನು ಬೆರೆಸಿ, ಕೊತ್ತಂಬರಿ ಎಲೆಯ ಮೇಲೆ ಹನಿ ನಿಲ್ಲುವ ಹಾಗೆ ಚಿಮುಕಿಸುವುದರಲ್ಲಿ ಜಯಪ್ರಭಾಳದು ಎತ್ತಿದ ಕೈ. ಚಿಮುಕಿಸಿ, ಬಾಟಲಿ ಕೆಳಗಿಟ್ಟು, ಬೋರ್ಡ್ ಎತ್ತಿಕೊಂಡು ತನ್ನ ಜಾಗಕ್ಕೆ ಹೋಗುತ್ತಿದ್ದಳು. ಆ ಹನಿಗಳನ್ನು ಅವನು ಒಂದು ದಿನವೂ ಒರೆಸಿರಲಿಲ್ಲ. ಸಾಸಿವೆಯಷ್ಟು ಹನಿಯೊಳಗೆ ಯಾರಿದ್ದಾರೆ ಅಂತ ಯಾರು ಇಣುಕಿ ನೋಡುತ್ತಾರೆ?

ಶರ್ವಾಣಿಯ ಮುಖ ಅರಳಿತು. ಒಂದು ಹನಿಯಲ್ಲಿ ಸಿಗುವುದು ನಾಲ್ಕಾರು ಚುಕ್ಕೆ ಅಷ್ಟೇ, ಆದರೆ ಪ್ರತಿ ಹನಿಯೂ ಕೋಣೆಯನ್ನು ಒಂದು ಕೂದಲೆಳೆ ಬೇರೆ ಕಡೆಯಿಂದ ನೋಡಿರುತ್ತದೆ, ಲಕ್ಷಗಟ್ಟಲೆ ಹನಿಗಳನ್ನು ಒಂದರ ಮೇಲೊಂದು ಕೂರಿಸಿದರೆ ಕಣ್ಣುರೆಪ್ಪೆಯವರೆಗೂ ಸಿಗಬಹುದು ಅಂತ ವಿವರಿಸಿದಳು. ತಿಂಗಳುಗಟ್ಟಲೆ ಹಿಡಿಯುತ್ತದೆ ಅಂತಲೂ ಹೇಳಿದಳು. ಪದ್ಮರಾಜಯ್ಯ ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಗಾಜಿನ ಮೇಲಿನ ಮಳೆಹನಿಗಳನ್ನು ನೋಡಿ, ಯಾವುದೋ ಸಂತೋಷಕ್ಕೆ, ಒಬ್ಬನೇ ನಕ್ಕ.

ಕಾಯುವ ದಿನಗಳಲ್ಲಿ ಅವನು ಬೇರೆಯೇ ಮನುಷ್ಯನಾದ. ಮನೆ ಸಾರಿಸಿದ, ಗಡ್ಡ ಬೋಳಿಸಿಕೊಂಡ, ಗೋಡೆಯ ಫೋಟೊ ಇಳಿಸಿ ಅದೇ ಅಳತೆಯ ಹೊಸ ಚೌಕಟ್ಟಿಗೆ ಹೇಳಿಟ್ಟು ಬಂದ. ಚೌಕಟ್ಟಿನವನಿಗೆ ಗಾಜು ಮಾತ್ರ ಹೊಳೆಯುವುದೇ ಇರಲಿ ಅಂದ. ಮರುದೇವಮ್ಮನಿಗೂ ವಿಷಯ ತಿಳಿಸಿದ.

"ಹನಿಯೊಳಗೆ ನಮ್ಮ ಜಯಾ ಇರ್ತಾಳಾ?" ಅಂದಳು ಅವಳು. ಅಚ್ಚರಿಯಿಂದ ಕೇಳಿದಳೋ ಅಳುಕಿನಿಂದಲೋ ಅವನು ಗಮನಿಸಲಿಲ್ಲ. "ನೋಡಲೇಬೇಕಾ ಪದ್ಮರಾಜಯ್ಯ? ಅವಳಿಗೆ ಫೋಟೊ ಅಂದ್ರೆ ಆಗ್ತಿರ್ಲಿಲ್ಲ."

"ನಾನು ಮರೀತಾ ಇದ್ದೀನಿ ಅತ್ತಿಗೆ. ಅವಳು ಬೇಡ ಅಂದ್ಲು ಅಂತ ನಾನು ಮರೆತುಬಿಡ್ಲಾ?"

ಮರುದೇವಮ್ಮ ಕ್ಯಾರಿಯರ್ ಮುಚ್ಚಳ ಹಾಕಿ ಎದ್ದು ಹೋದಳು.

ದಸರಾ ಮುಗಿದು ಊರಿನ ದೀಪದ ಸರಗಳನ್ನು ಬಿಚ್ಚುತ್ತಿದ್ದ ದಿನ ಪ್ರಯೋಗಾಲಯದಿಂದ ಫೋನ್ ಬಂತು. ಪದ್ಮರಾಜಯ್ಯ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದ. ಶರ್ವಾಣಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿಯೇ ಅವನಿಗೆ ಅರ್ಧ ಗೊತ್ತಾಯಿತು.

"ಕೂತ್ಕೊಳಿ ಸರ್. ಕೋಣೆ ತುಂಬಾ ಚೆನ್ನಾಗಿ ಬಂದಿದೆ. ಅವರೂ ಇದ್ದಾರೆ. ಆದ್ರೆ..." ಮಾತು ಅಲ್ಲಿಗೇ ನಿಲ್ಲಿಸಿ ಪರದೆ ಹಚ್ಚಿದಳು.

ಅದೇ ಕೋಣೆ, ಈ ಸಲ ಇನ್ನೂ ನಿಚ್ಚಳ. ಸುಳ್ಳು ಕಿಟಕಿ ಇರಲಿಲ್ಲ. ಅವನ ಬಲಗಡೆ ಒಬ್ಬ ಹೆಂಗಸು ನಿಂತಿದ್ದಳು. ಕಂದು ಅಂಚಿನ ಹತ್ತಿಯ ಸೀರೆ. ನೆರಿಗೆಯ ಕೆಳಗೆ ಬರಿಗಾಲು. ಒಂದು ಪಾದ ಇನ್ನೊಂದರ ಮೇಲೆ, ತುಂಬಾ ಹೊತ್ತು ನಿಂತಾಗ ಅವಳು ಹಾಗೇ ನಿಲ್ಲುತ್ತಿದ್ದಳು. ಮೊಣಕೈಯ ಹತ್ತಿರದ ಸುಟ್ಟ ಕಲೆ. ಸೊಂಟಕ್ಕೆ ಸಿಕ್ಕಿಸಿದ ಸೆರಗು. ಎದೆಯಿಂದ ಮೇಲಕ್ಕೆ ಬಿಳಿಯ ಬೋರ್ಡು. ಬೋರ್ಡಿನ ಎರಡೂ ಅಂಚಿಗೆ ಬೆರಳುಗಳು. ಬೋರ್ಡಿನ ಮೇಲೆ ತುರುಬಿನ ತುದಿ ಒಂದಿಷ್ಟು. ಮುಖ ಇಲ್ಲ.

"ಬೇರೆ ವರ್ಷದ್ದು?" ಅಂದ ಪದ್ಮರಾಜಯ್ಯ.

ಶರ್ವಾಣಿ ವರ್ಷ ಬದಲಿಸಿದಳು. ಸೀರೆ ಬದಲಾಯಿತು. ಕ್ಯಾಲೆಂಡರ್ ಬದಲಾಯಿತು. ಅವನ ತಲೆಯ ಕೂದಲು ನರೆಯಿತು. ಬೋರ್ಡು ಮುಖದ ಮುಂದೆಯೇ ಇತ್ತು. ಟೊಮೇಟೊ ಮೇಲಿನ ಹನಿಗಳಲ್ಲಿ, ದ್ರಾಕ್ಷಿಯ ಮೇಲಿನ ಹನಿಗಳಲ್ಲಿ, ವೀಳ್ಯದೆಲೆಯ ಮೇಲಿನ ಹನಿಗಳಲ್ಲಿ, ಎಲ್ಲೆಲ್ಲೂ ಅವಳು ಮುಖದ ಮುಂದೆ ಬೋರ್ಡು ಹಿಡಿದೇ ನಿಂತಿದ್ದಳು. ಪ್ರತಿಯೊಂದರಲ್ಲೂ ಅವನು ಪಕ್ಕದಲ್ಲೇ ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಗೆ ಅಂಟಿಸಿಕೊಂಡಿದ್ದ. ಒಂದರಲ್ಲೂ ಅವನು ಅವಳ ಕಡೆ ನೋಡುತ್ತಿರಲಿಲ್ಲ.

"ಎಲ್ಲಾ ಹುಡುಕಿದ್ವಿ ಸರ್. ಒಂದು ಕಡೇನಾದ್ರೂ ಬೋರ್ಡು ಇಳಿದಿರುತ್ತೆ ಅಂದ್ಕೊಂಡೆ." ಶರ್ವಾಣಿ ಪರದೆಯಿಂದ ಅವನ ಕಡೆ ತಿರುಗಿ ಅಂದಳು, "ಬೋರ್ಡಿನ ಹಿಂದೆ ಇರೋದನ್ನ ಯಂತ್ರ ಊಹಿಸಿ ತುಂಬಿಸಬಹುದು. ಮದುವೆ ಫೋಟೊ ಕೊಟ್ರೆ ಅದಕ್ಕೆ ವಯಸ್ಸು ಸೇರ್ಸುತ್ತೆ. ಆದ್ರೆ ಅದು ಬರೀ ಊಹೆ. ನನ್ನ ಮಾತು ಕೇಳೋದಾದ್ರೆ ಬೇಡ ಅಂತೀನಿ. ಒಂದ್ಸಲ ನೋಡಿದ್ರೆ ಮನಸ್ಸಿಂದ ಹೋಗಲ್ಲ."

ಬಾಯಾರಿದವನ ಮುಂದೆ ನೀರಿಟ್ಟು ಕುಡಿಯಬೇಡ ಅಂದರೆ ಕೇಳುತ್ತಾನೆಯೇ? ಪದ್ಮರಾಜಯ್ಯ ಜೇಬಿನಿಂದ ಮದುವೆಯ ಫೋಟೊದ ಚಿಕ್ಕ ಪ್ರತಿ ತೆಗೆದು ಕೊಟ್ಟ.

ಬೋರ್ಡು ಕರಗಿತು. ಒಬ್ಬಳು ಸುಂದರ ಹೆಂಗಸು ಅವನ ಕಡೆ ನೋಡಿ ನಸುನಕ್ಕಳು. ಹಣೆಯ ಮೇಲೆ ಹಿತವಾದ ಎರಡು ಗೆರೆ, ಕಿವಿಯ ಹತ್ತಿರ ಒಂದೆಳೆ ನರೆ. ಮೈಬಣ್ಣ ಹುಬ್ಬಿನಿಂದ ಗಲ್ಲದವರೆಗೆ ಒಂದೇ ಸಮ. ಒಂದು ಕಲೆಯಿಲ್ಲ. ಕೆಳಗೆ ಬೋರ್ಡಿನ ಅಂಚು ಹಿಡಿದಿದ್ದ ಬೆರಳುಗಳ ಮೇಲೆ ಮಾತ್ರ ಬಿಳಿ ಮಚ್ಚೆಗಳಿದ್ದವು.

"ಇವಳಿಗೆ ಮಚ್ಚೆ ಇಲ್ಲ."

"ಅದು ಕಲಿತಿರೋದೆಲ್ಲ ಸ್ಟಾಕ್ ಫೋಟೊಗಳಿಂದ ಸರ್. ಅದಕ್ಕೆ ಗೊತ್ತಿರೋ ಮುಖಗಳು ಅಂಥವೇ."

ಒರೆಸಿದ ಮುಖಗಳು. ಅವನಂಥವರು, ಅವನಿಂದ ಕಲಿತವರು, ಕೂತು ಕೂತು ಚೊಕ್ಕ ಮಾಡಿ ಕಳಿಸಿದ ಮುಖಗಳು. ಯಂತ್ರಕ್ಕೆ ಪಾಠ ಹೇಳಿದವರಲ್ಲಿ ತಾನೂ ಒಬ್ಬ ಅನ್ನುವುದು ಪದ್ಮರಾಜಯ್ಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ತೆಗೆದುಹಾಕಮ್ಮಾ ಇದನ್ನ," ಅಂದ. "ಬೋರ್ಡ್ ಇರೋದೇ ಕೊಡು."

ಅದನ್ನೇ ದೊಡ್ಡದಾಗಿ ಮುದ್ರಿಸಿ, ಸುರುಳಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ಅವನು ಕಣ್ಣು ಮುಚ್ಚಿ ಜಯಾಳನ್ನು ಕರೆದುನೋಡಿದ. ಬಂದವಳು ಆ ಕಲೆಯಿಲ್ಲದ ಹೆಂಗಸು. ಮತ್ತೆ ಮುಚ್ಚಿದ. ಮತ್ತೆ ಅವಳೇ ಬಂದಳು. ಶರ್ವಾಣಿ ಹೇಳಿದ್ದು ಸುಳ್ಳಾಗಲಿಲ್ಲ. ಮಸುಕು ಮಸುಕಾಗಿ ಉಳಿದಿದ್ದ ಆ ಅರ್ಧ ನೆನಪಿನ ಮೇಲೂ ತಾನೇ ಕೈಯಾರೆ ಒರೆಸುವ ಬಟ್ಟೆ ಎಳೆದುಬಿಟ್ಟೆ ಅಂತ ಅವನು ಸೀಟಿನ ಕಂಬಿಗೆ ಹಣೆ ಒತ್ತಿಕೊಂಡ. ಪಕ್ಕದಲ್ಲಿದ್ದವರು ತಲೆ ಸುತ್ತುತ್ತಿದೆಯೇ ಅಂತ ಕೇಳಿದರು. ಹೌದು ಅಂದ.

ಮನೆಗೆ ಬಂದಾಗ ಮರುದೇವಮ್ಮ ಜಗುಲಿಯ ಮೇಲೆ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದಳು. ಬೆಳಕು ಇನ್ನೂ ಇತ್ತು. ಅವನು ಒಳಗೆ ಹೋಗಿ ಚಿತ್ರವನ್ನು ಊಟದ ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟ. ಅವಳು ಬಗ್ಗಿ ನೋಡಿದಳು. ಆಶ್ಚರ್ಯಪಡಲಿಲ್ಲ.

"ನಿಮಗೆ ಗೊತ್ತಿತ್ತು," ಅಂದ ಪದ್ಮರಾಜಯ್ಯ.

"ಗೊತ್ತಿತ್ತು." ಮರುದೇವಮ್ಮ ಕುರ್ಚಿ ಎಳೆದು ಕೂತಳು. "ಹೇಳಬೇಡ ಅಂದಿದ್ಲು. ಈಗ ಇಲ್ಲವಲ್ಲ ಅವಳು, ಹೇಳ್ತೀನಿ. ನೀವು ಆ ಪಾತ್ರೆ ಫೋಟೊ ಶುರು ಮಾಡಿದ್ರಲ್ಲ, ಮೊದಮೊದಲು. ತರಕಾರಿದೆಲ್ಲ ಆಮೇಲೆ. ಒಂದಿನ ನಿಮಗೆ ಕಾಫಿ ತಂದುಕೊಡೋಕೆ ಬಂದು ಹಿಂದೆ ನಿಂತ್ಲಂತೆ. ನೀವು ಕಂಪ್ಯೂಟರಲ್ಲಿ ಯಾವುದೋ ಚೊಂಬಿನ ಫೋಟೊ ದೊಡ್ಡದು ಮಾಡ್ಕೊಂಡು ಕೂತಿದ್ರಂತೆ. ಚೊಂಬಲ್ಲಿ ಇವಳ ಮುಖ. ನೀವು ಅದನ್ನ ಒರೆಸ್ತಾ ಇದ್ರಿ. ಮೊದಲು ಹುಬ್ಬು, ಆಮೇಲೆ ಕಣ್ಣು, ಆಮೇಲೆ ಕೆನ್ನೆ."

"ಅದು ಕೆಲಸ ಅತ್ತಿಗೆ. ನನ್ನ ಮುಖಾನೂ ಒರೆಸ್ತಿದ್ದೆ ನಾನು."

"ಅವಳೂ ಅದನ್ನೇ ಹೇಳಿದ್ಲು. ಅವರದು ತಪ್ಪಿಲ್ಲ ಅಕ್ಕ, ಅದು ಕೆಲಸ ಅಂತ. ಊರೋರೆಲ್ಲ ಮುಖ ತಿರುಗಿಸಿದ್ರೂ ತಡ್ಕೊಂಡೆ, ಆದ್ರೆ ನನ್ನ ಮುಖಾನ ಅವರ ಕೈಯಲ್ಲೇ ಒರೆಸೋದು ನೋಡೋಕಾಗಲ್ಲ ಅಕ್ಕ ಅಂದ್ಲು. ಅದಕ್ಕೇ ಬೋರ್ಡು ಅಡ್ಡ ಹಿಡ್ಕೋತೀನಿ, ಅವರು ಬಿಳೀದನ್ನ ಒರೆಸಿಕೊಳ್ಳಲಿ, ನನ್ನ ಮುಖ ಅವರ ಕಣ್ಣಲ್ಲಿ ಹಾಗೇ ಇರಲಿ ಅಂದ್ಲು."

ಪದ್ಮರಾಜಯ್ಯನಿಗೆ ನೆನಪಾಯಿತು. ಮೊದಲ ವರ್ಷ ಒಂದೊಂದು ಲೋಟ ಚೊಕ್ಕ ಮಾಡಲು ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ಕಣ್ಣು, ಮೂಗು, ನೆರಳು, ಬೆಳಕು, ಎಲ್ಲ ಒಂದೊಂದಾಗಿ ತೆಗೆಯಬೇಕಿತ್ತು. ಆಮೇಲೆ ಏನಾಯಿತೋ, ಕೆಲಸ ಬಲು ಸಲೀಸಾಯಿತು. ಬರೀ ಒಂದು ಬಿಳಿ ಚೌಕ, ಎರಡೇ ಎಳೆತಕ್ಕೆ ಹೋಗುತ್ತಿತ್ತು. ತನ್ನ ಕೈ ಪಳಗಿತು ಅಂದುಕೊಂಡಿದ್ದ. ಪಾಠ ಹೇಳುವಾಗಲೆಲ್ಲ ಹುಡುಗರ ಮುಂದೆ ಎದೆ ಉಬ್ಬಿಸಿ, ಬೆಳಕು ಇಡುವುದು ಗೊತ್ತಿದ್ದರೆ ಒರೆಸುವ ಕೆಲಸವೇ ಇರುವುದಿಲ್ಲ ಅನ್ನುತ್ತಿದ್ದ. ಜಯಪ್ರಭಾ ಬಾಗಿಲಲ್ಲಿ ನಿಂತು ಅದನ್ನೂ ಕೇಳಿಸಿಕೊಂಡಿರಬೇಕು.

"ಹನಿಯೊಳಗೆ ಮುಖ ಯಾರಿಗೂ ಕಾಣಲ್ಲ ಅಂತ ಅವಳಿಗೆ ಹೇಳಬೇಕಿತ್ತು," ಅಂದ. "ಹನಿಗಳನ್ನ ನಾನು ಒರೆಸ್ತಿರ್ಲಿಲ್ಲ ಅಂತ. ಕೇಳಲೇ ಇಲ್ಲ ಅವಳು. ನಾನೂ ತಿರುಗಿ ನೋಡ್ಲಿಲ್ಲ."

ಮರುದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆ ಹಾಕಿದಳು. ಅವನು ಊಟಕ್ಕೆ ಕೈ ಹಚ್ಚಲಿಲ್ಲ. ಹೊತ್ತು ಮುಳುಗುತ್ತಿತ್ತು. "ಆಮೇಲೆ ಉಣ್ಣೋ ಹಾಗಿಲ್ಲ," ಅಂತ ನೆನಪಿಸಿದಳು. ಅವನು ತಲೆಯಾಡಿಸಿದ. ಅವಳು ಇನ್ನೊಂದಿಷ್ಟು ಹೊತ್ತು ಕೂತಿದ್ದು, ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಚಿತ್ರದಲ್ಲಿ ಬೆರಳುಗಳು ಸ್ಪಷ್ಟವಾಗಿದ್ದವು. ಬಲಗೈಯ ಹೆಬ್ಬೆರಳಿನ ಬುಡದಿಂದ ಬಿಳಿ ಶುರುವಾಗಿ ತೋರುಬೆರಳಿನ ಎರಡನೇ ಗಿಣ್ಣಿನವರೆಗೆ ಹೋಗಿ ನಿಂತಿತ್ತು. ಕಿರುಬೆರಳು ಮಾತ್ರ ಹಾಗೇ ಉಳಿದಿತ್ತು. "ಇದೊಂದು ನನ್ನ ತೌರುಮನೆ ಬಣ್ಣ," ಅಂತ ಅವಳು ಆ ಕಿರುಬೆರಳನ್ನು ಎತ್ತಿ ತೋರಿಸಿ ನಗುತ್ತಿದ್ದದ್ದು ಅವನಿಗೆ ನೆನಪಾಯಿತು. ಇದನ್ನು ಯಂತ್ರ ಊಹಿಸಿರಲಿಲ್ಲ, ಅವನೂ ಒರೆಸಿರಲಿಲ್ಲ. ಆ ನಗುವಿನ ದನಿ ಕೇಳಿಸಿತು. ನಗುವ ಮುಖಕ್ಕಾಗಿ ಕಣ್ಣು ಮುಚ್ಚಲು ಅವನಿಗೆ ಧೈರ್ಯ ಬರಲಿಲ್ಲ. ಮುಚ್ಚಿದರೆ ಬರುವವಳು ಯಾರು ಅಂತ ಗೊತ್ತಿತ್ತು.

ಬೋರ್ಡಿನ ಅಂಚನ್ನು ಒತ್ತಿ ಹಿಡಿದ ಆ ಬೆರಳುಗಳ ತುದಿ ಬಿಳುಚಿಕೊಂಡಿತ್ತು. ಮಚ್ಚೆಯಿಂದಲ್ಲ, ಹಿಡಿದ ಬಿಗಿಗೆ. ಎಷ್ಟು ಹೊತ್ತಿನಿಂದ ಎತ್ತಿ ಹಿಡಿದಿದ್ದಳೋ. ಪಕ್ಕದಲ್ಲೇ ಕ್ಯಾಮೆರಾಗೆ ಕಣ್ಣಿಟ್ಟು ನಿಂತವನ ಬಾಯಿ ಅರ್ಧ ತೆರೆದಿತ್ತು. ಅವನು ಏನು ಹೇಳುತ್ತಿದ್ದಾನೆ ಅನ್ನುವುದು ಪದ್ಮರಾಜಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಮೇಲೆ, ಇನ್ನೂ ಸ್ವಲ್ಪ ಮೇಲೆ.

ಅವನು ಮೇಜಿನ ಮೇಲೆ ಬಗ್ಗಿ, ಕಾಗದದ ಮೇಲಿನ ಆ ಕಿರುಬೆರಳಿನ ಮೇಲೆ ತನ್ನ ಬೆರಳಿಟ್ಟ.

"ಇಳಿಸೇ ಜಯಾ," ಅಂದ. "ಸಾಕು, ಇಳಿಸು. ಕೈ ನೋಯುತ್ತೆ."